ತಾನಾಗಿ ಹೊತ್ತುವ ದೀಪ

ಬೇಸಿಗೆಗೆ ಮನೆ ತಂಪಾಗಿರಲೆಂದು ಸೊಸೆ ಬಿಸಿ ಕಾರುವ ಹಳೆಯ ಬಲ್ಬುಗಳನ್ನೆಲ್ಲ ತೆಗೆಸಿ, ಯಾರಾದರೂ ಬಂದಾಗ ಮಾತ್ರ ತಾನಾಗಿ ಹೊತ್ತಿಕೊಳ್ಳುವ ದೀಪಗಳನ್ನು ಹಾಕಿಸಿದಳು. ಅತ್ತೆ ಮೂಗು ಮುರಿದರು.

"ಸ್ವಿಚ್ ಇಲ್ದೇ ಹೋದ್ರೂ ದೀಪ ಅಂದ್ರೆ ಲಕ್ಷ್ಮಿ ಕಣೇ. ಹೊತ್ತಿದ ತಕ್ಷಣ ನಾನು ಎದ್ದು ಕೈಮುಗಿಯೋಳೇ!"

ಮುಸ್ಸಂಜೆ, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು ಹರಟೆಗೆಂದು ಬಂದು ಜಗಲಿಯ ಮೇಲೆ ಕೂತಳು. ಅತ್ತೆಗೆ ಹುರುಪೇರಿತು.

"ಸೊಸೇನ ಅಂಕೇಲಿ ಇಟ್ಕೋಬೇಕು ಕಣಮ್ಮ. ನಮ್ಮವಳು ನಾನು ಹಾಕಿದ ಗೆರೆ ದಾಟಲ್ಲ."

ಅಷ್ಟರಲ್ಲಿ ಸೊಸೆ ಕಾಫಿ ಹಿಡಿದು ಬಾಗಿಲಿಗೆ ಬಂದಳು. ಅವಳ ತಲೆಯ ಮೇಲೆ ದೀಪ ಹೊತ್ತಿತು. ಅತ್ತೆ ದಡಬಡಿಸಿ ಎದ್ದು, ಅತ್ತ ತಿರುಗಿ, ಕಣ್ಮುಚ್ಚಿ ಕೈಮುಗಿದರು.

ಪಕ್ಕದ ಮನೆಯವಳು ಪಿಸುಗುಟ್ಟಿದಳು: "ಅಯ್ಯೋ ಪಾಪ, ದಿನಕ್ಕೆ ಎಷ್ಟು ಸಲ ಹೀಗೆ ಕೈಮುಗಿಸ್ಕೊಳ್ತಾಳಮ್ಮ?"