ಸೋಪು ಮೆತ್ತಿದ ಊರು

ಬಟ್ಟೆ ಸೋಪಿನ ವಾಸನೆ ಬಂದರೆ ಈಗಲೂ ನನಗೆ ಡೀಸೆಲ್ ನೆನಪಾಗುತ್ತದೆ. ಊರೂರು ಸುತ್ತಿ ಪ್ಲಾಸ್ಟಿಕ್ ಬಿಂದಿಗೆ ಮಾರುತ್ತಿದ್ದ ನಮಗೆ ಹಳೆಯ ಮೆಟಡೋರ್ ವ್ಯಾನೇ ಮನೆಯಾಗಿತ್ತು. ಒಂದು ಮಧ್ಯಾಹ್ನ ಬೂದಿಗೆರೆಯ ಹತ್ತಿರ ಅದರ ಟ್ಯಾಂಕು ಸೋರತೊಡಗಿತು. ವಿಮಾನ ನಿಲ್ದಾಣದ ಕೆಲಸಕ್ಕೆ ಜಲ್ಲಿ ಹೊತ್ತ ಲಾರಿಗಳು ನಮಗೆ ಧೂಳೆರಚಿ ಹೋಗುತ್ತಿದ್ದವು. ಅಪ್ಪ ವ್ಯಾನಿನಡಿ ಅಂಗಾತ ಮಲಗಿ, ಅಮ್ಮ ನಾದಿಕೊಟ್ಟ ಸೋಪನ್ನು ತೂತಿಗೆ ಮೆತ್ತುತ್ತಿದ್ದ.

"ಬಟ್ಟೆ ಒಗೆಯೋಕೂ ಒಸಿ ಉಳ್ಸಿ," ಎನ್ನುತ್ತಾ ಅಮ್ಮ ಹುಣಸೆ ಮರದ ಕೆಳಗೆ ಒಲೆ ಹೂಡಿದಳು. ನನ್ನ ಸಪ್ಪೆ ಮುಖ ನೋಡಿ, "ಗಾಡಿ ಎಲ್ಲಿ ನಿಲ್ತದೋ ಅದೇ ನಮ್ಮೂರು ಕಣಮ್ಮಿ," ಎಂದಳು.

ಹಾಲಿನ ಕ್ಯಾನು ಹಿಡಿದು ಬಂದ ಅಜ್ಜರೊಬ್ಬರು ನನ್ನನ್ನು ಕೇಳಿದರು, "ಯಾವೂರವ್ವಾ ನಿಂದು?"

"ಬೂದಿಗೆರೆ."

"ಯಾವಾಗಿಂದ?"

"ಮಧ್ಯಾಹ್ನದಿಂದ."

ಅಜ್ಜ ನಕ್ಕು ಕ್ಯಾನಿನ ಮುಚ್ಚಳ ತೆಗೆದರು. "ಲೋಟ ತತ್ತಾ, ನಮ್ಮೂರ್ ಮಗಳೇ."