ಕಣ್ಣು ನಿಲ್ಲದ ಬಟ್ಟೆ

“ಇದು ಬೇಡ.”

ಟಾರ್ಕಿಲ್ ಆ ಕೆಂಪು ಚೌಕಳಿ ಬಟ್ಟೆಯ ಸುರುಳಿಯನ್ನು ಒಂದೇ ಏಟಿಗೆ ಮೇಜಿನಿಂದ ಕೆಳಕ್ಕೆ ತಳ್ಳಿದ.

ಎಫೀ ಮುದುಕಿ ಹೊಲಿಯುತ್ತಿದ್ದ ಬ್ಯಾನರನ್ನು ಕುರ್ಚಿಗೆ ಹಾಕಿ ಎದ್ದಳು. ಇನ್ವರ್ನೆಸ್ಸಿನ ಈ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಕಿಲ್ಟ್, ಅಂದರೆ ಗಂಡಸರು ಸೊಂಟಕ್ಕೆ ಉಡುವ ನೆರಿಗೆಯ ಲಂಗ, ಹೊಲಿಯುತ್ತಿದ್ದಾಳೆ. ಅವಳ ಬಟ್ಟೆಯನ್ನು ನೆಲಕ್ಕೆ ಕೆಡವಿದ ಗಂಡಸು ಇದುವರೆಗೆ ಹುಟ್ಟಿರಲಿಲ್ಲ.

“ಎತ್ತಿಡೋ.”

“ಬಗ್ಗಲ್ಲ.”

ಅವನು ಬಾಗಿಲಿನಿಂದ ಮೇಜಿನವರೆಗೆ ತೂರಾಡಿಕೊಂಡೇ ಬಂದಿದ್ದ. ಈಗಲೂ ಮೇಜಿನ ಅಂಚು ಬಿಟ್ಟಿರಲಿಲ್ಲ. ಬೆಳಿಗ್ಗೆ ಹತ್ತಕ್ಕೇ ಏರಿಸಿ ಬಂದಿದೆ ಕತ್ತೆ, ಎಂದುಕೊಂಡಳು ಎಫೀ. ತಾನೇ ಬಗ್ಗಿ ಸುರುಳಿ ಎತ್ತಿದಳು.

ಅದು ಆರ್ಡ್ಲಾಕ್ ಮರದ ಮಿಲ್ಲಿನವರು ತಮಗೆಂದೇ ನೇಯಿಸಿದ ಬಟ್ಟೆ. ತಿಂಗಳ ಕೊನೆಗೆ ಮಿಲ್ಲಿನ ಔತಣ. ಬ್ಯಾನರೂ ಅವರದೇ. ‘ಐವತ್ತು ವರ್ಷ’ ಎಂಬ ಮೊದಲ ಸಾಲು ಕುರ್ಚಿಯ ಮೇಲೆ ಕಾಣುತ್ತಿತ್ತು, ಉಳಿದದ್ದು ಮಡಿಕೆಯೊಳಗಿತ್ತು.

“ಔತಣಕ್ಕೆ ತಾನೆ ನೀನೂ ಹೋಗ್ತಿರೋದು? ಎಲ್ಲರೂ ಇದನ್ನೇ ಉಡ್ತಾರೆ.”

“ನಾನು ಬ್ಯಾಗ್‌ಪೈಪ್ ಊದೋನು ಅಜ್ಜಿ. ಬ್ಯಾಂಡಿಂದ ಒಬ್ಬನ್ನ ಕಳಿಸಿ ಅಂದಿದ್ದಾರೆ. ಯಾರು ಅಂತ ಕೇಳಿಲ್ಲ. ಮಿಲ್ಲಿನ ದಣಿಯ ಮುಂದೆ ಮುಂದೆ ಊದ್ಕೊಂಡು ನಾನೇ ಒಳಗೆ ಹೋಗೋದು.”

“ಹಾಗಾದ್ರೆ ನಿಮ್ಮ ಮನೆತನದ ಚೌಕಳಿ ಬಟ್ಟೆ ತೆಗಿಯೋಣ. ಹಸಿರು, ನೀಲಿ...”

“ಬೇಡ. ಆ ಬೂದಿ ಬಣ್ಣದ್ದು ಕೊಡು. ಗೆರೆ ಇಲ್ಲ, ಚೌಕ ಇಲ್ಲ. ಯಾರ ಕಣ್ಣೂ ಬಟ್ಟೆ ಮೇಲೆ ನಿಲ್ಲಬಾರದು.”

ಎಫೀಯ ಮೂಗಿನ ತುದಿ ಕೆಂಪಾಯಿತು. ಕಣ್ಣು ನಿಲ್ಲಲೆಂದೇ ಅವಳು ಎಂಟು ಗಜದಲ್ಲಿ ನೆರಿಗೆಗೆ ನೆರಿಗೆ ಕೂಡಿಸುತ್ತ ಬೆರಳು ಸವೆಸಿದ್ದಳು. ಆದರೂ ಬೂದಿ ಬಣ್ಣದ ದಪ್ಪ ಉಣ್ಣೆ ಬಿಚ್ಚಿದಳು. “ಗಜಕ್ಕೆ ಹದಿನಾರು ಔನ್ಸು ತೂಕ. ಬಿರುಗಾಳಿಗೂ ಅಲ್ಲಾಡಲ್ಲ.”

“ಅಲ್ಲಾಡಬೇಕು. ಎಲ್ಲಕ್ಕಿಂತ ತೆಳ್ಳಗಿರೋದು ಕೊಡು. ಒಂದೊಂದು ಹೆಜ್ಜೆಗೂ ಹಾರಬೇಕು.”

“ಥೂ! ಕಾಲುಚೀಲ ಮೊಣಕಾಲವರೆಗೆ ತಾನೆ?”

“ಕಾಲುಚೀಲ ಹಾಕಲ್ಲ.”

“ಚಳಿಗೆ ಸಾಯ್ತೀಯ.”

“ಚಳಿ ನನಗೆ ಅರ್ಧಾನೇ ಆಗೋದು.”

ಏರಿಸಿದ್ದರ ಬಿಸಿ ಇದು, ಎಂದುಕೊಂಡಳು. ಟೇಪು ಹಿಡಿದು ನೆಲ ತೋರಿಸಿದಳು. “ಮಂಡಿಯೂರು. ಉದ್ದ ನೋಡಬೇಕು.”

“ಊರಲ್ಲ.”

“ರಾಜನೂ ಊರ್ತಾನೆ ಕಣೋ ಇಲ್ಲಿ!”

“ಊರಿಕೊಳ್ಳಲಿ. ನಿಂತೇ ಅಳೆ. ಮಂಡಿಗಿಂತ ಮೂರಂಗುಲ ಮೇಲಕ್ಕೆ ನಿಲ್ಲಿಸು.”

ಎಫೀ ಟೇಪನ್ನು ಮೇಜಿಗೆ ಬಡಿದಳು. “ಏಯ್! ಕಿಲ್ಟ್ ಅಂದ್ರೆ ಕೋಡಂಗಿ ಚಡ್ಡಿ ಅಂದ್ಕೊಂಡ್ಯಾ? ನಿಮ್ಮಜ್ಜ ಮುತ್ತಜ್ಜ ಇದನ್ನುಟ್ಟು ಮಣ್ಣಿಗೆ ಹೋದವರು. ಕುಡುಕ ಗೆಳೆಯರ ಹತ್ರ ಪಂದ್ಯ ಕಟ್ಟಿ ಬಂದಿದ್ದೀಯಾ? ನಿನ್ನ ಕಾಲು ನೋಡೋಕೆ ಯಾರು ಕಾದಿದ್ದಾರೋ?”

“ಯಾರೂ ಕಾದಿಲ್ಲ. ಇನ್ನೂರು ಜನಕ್ಕೆ ನಾನೇ ತೋರಿಸಬೇಕು. ದಣಿಗೆ ಮೊದಲು.”

“ನಾನು ಹೊಲಿಯಲ್ಲ! ಈ ಊರಲ್ಲಿ ಯಾರೂ ಹೊಲಿದುಕೊಡಲ್ಲ. ನಡಿ ಆಚೆ. ಮೊದಲು ಅಮಲು ಇಳಿಸ್ಕೋ.”

“ಅಜ್ಜಿ, ನಾನು ಕುಡಿಯೋನೇ ಅಲ್ಲ.”

ಅವನು ಒಂದು ಕೈಯಲ್ಲಿ ಮೇಜು ಹಿಡಿದು, ಇನ್ನೊಂದರಲ್ಲಿ ಪ್ಯಾಂಟಿನ ಎಡಗಾಲನ್ನು ತೊಡೆಯವರೆಗೆ ಎಳೆದ. ಪಾದದಿಂದ ಮಂಡಿಯ ಮೇಲಿನವರೆಗೂ ಉಕ್ಕು.

“ಆ ಮಿಲ್ಲಿನ ಗರಗಸ. ನಾನಲ್ಲಿ ಕೆಲಸದಲ್ಲಿದ್ದಾಗಲೇ. ಗೇಟಿನಾಚೆ ಬೈಕಿಂದ ಬಿದ್ದ ಅಂತ ಬರ್ಕೊಂಡ್ರು.”

ಎಫೀ ಕುರ್ಚಿಯ ಕಡೆ ತಿರುಗಿದಳು. ಬ್ಯಾನರಿನ ಮಡಿಕೆ ಬಿಚ್ಚಿ, ತಾನೇ ಹೊಲಿದಿದ್ದ ಎರಡನೆಯ ಸಾಲನ್ನು ಮೊದಲ ಸಲವೆಂಬಂತೆ ಓದಿದಳು: ‘ಒಬ್ಬನಿಗೂ ಗಾಯವಿಲ್ಲ.’

ನಂತರ ಅವನ ಮುಂದೆ ತಾನೇ ಮಂಡಿಯೂರಿ, ಟೇಪನ್ನು ಇನ್ನೂ ಒಂದಂಗುಲ ಮೇಲೆ ಹಿಡಿದಳು.