ಬೇಯಿಸಿದ ಕೆಂಡ

“ಯಕ್ಕಾ, ಒಂದೀಟು ಕೆಂಡ ಕೊಡ್ರಿ,” ಎಂದು ಪಕ್ಕದ ಮನೆಯ ದುರ್ಗಕ್ಕ ಒಡೆದ ಹೆಂಚಿನ ಚೂರು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಾಗ ಮರುಳಸಿದ್ದಮ್ಮ ಪೇಚಿಗೆ ಬಿದ್ದಳು. ನಿನ್ನೆಯವರೆಗೆ ಮಣ್ಣಿನ ಒಲೆಯಿದ್ದ ಮೂಲೆಯಲ್ಲಿ ಇವತ್ತು ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಗೋಬರ್ ಗ್ಯಾಸಿನ ಒಲೆ. ನೀಲಿ ಉರಿ ಅಂದವಾಗಿಯೇ ಉರಿಯುತ್ತಿತ್ತು. ಹೊಗೆಯಿಲ್ಲ, ಬೂದಿಯಿಲ್ಲ, ಕೆಂಡವಂತೂ ಮೊದಲೇ ಇಲ್ಲ. ಏನೂ ತೋಚದೆ ಆಕೆ ಗೂಡಿನಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ಮುಂದೆ ಚಾಚಿದಳು.

ದುರ್ಗಕ್ಕ ಕಡ್ಡಿಪೆಟ್ಟಿಗೆಯನ್ನು ನೋಡಿದಳು, ಒಲೆಯನ್ನು ನೋಡಿದಳು. “ಕಡ್ಡಿಪೆಟ್ಟಿಗಿ ನಮ್ಮನ್ಯಾಗೂ ಐತ್ರಿ,” ಎಂದವಳೇ ಹೆಂಚಿನ ಚೂರನ್ನು ಮೆಟ್ಟಿಲ ಮೇಲೆ ಇಟ್ಟು, ತಿರುಗಿಯೂ ನೋಡದೆ ಹೋಗಿಬಿಟ್ಟಳು.

ಮಲಪನಗುಡಿಯಲ್ಲಿ ಕಡ್ಡಿಪೆಟ್ಟಿಗೆಗೆ ಬರವೇನೂ ಇರಲಿಲ್ಲ. ಆದರೆ ಮದುವೆಯಾಗಿ ಬಂದಂದಿನಿಂದ ದುರ್ಗಕ್ಕ ಬೆಳಗಾದರೆ ಕೆಂಡಕ್ಕೆ ಬರುವಳು. ಹೊಸ್ತಿಲಲ್ಲಿ ಕೂತು ಮಾತಿಗೆ ಹತ್ತಿದರೆ ಹೆಂಚಿನ ಮೇಲಿನ ಕೆಂಡ ಬೂದಿಯಾಗಿ, ಮತ್ತೊಮ್ಮೆ ಹೊಸ ಕೆಂಡ ಇಸಿದುಕೊಂಡು ಏಳುವಳು. ಅತ್ತೆಯರ ಕಾಟ, ಹೆರಿಗೆಯ ನೋವು, ಗಂಡಂದಿರ ಸಿಟ್ಟು, ಎಲ್ಲವನ್ನೂ ಇಬ್ಬರೂ ಆ ಹೊಸ್ತಿಲ ಮೇಲೆಯೇ ಹಗುರ ಮಾಡಿಕೊಂಡಿದ್ದರು. ಬೆಂಕಿ ಕೊಡದ ಮನೆ ಎಂದರೆ ನಂಟು ಕಡಿದುಕೊಂಡ ಮನೆ ಎಂದು ಆ ಊರಿನ ಲೆಕ್ಕ.

ಗ್ಯಾಸು ಮಗ ಕೊಟ್ರಯ್ಯನ ಹುಚ್ಚು. ಖರ್ಚಿನಲ್ಲಿ ಸರ್ಕಾರದ ಪಾಲೂ ಇದೆ, ಗುಡ್ಡದ ಗಿಡಗಳು ಉಳಿಯುತ್ತವೆ, ಹೆಂಗಸರ ಕಣ್ಣು ಉಳಿಯುತ್ತವೆ, ಗ್ಯಾಸು ಬಿಟ್ಟ ಮೇಲೆ ಬರುವ ಬಗ್ಗಡ ಗದ್ದೆಗೆ ಚಿನ್ನದಂಥ ಗೊಬ್ಬರ ಎಂದು ಗ್ರಾಮಸೇವಕರು ಹೇಳಿದ್ದೇ ತಡ, ಗುಂಡಿ ತೋಡಿಸಿಬಿಟ್ಟ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮನೆಯಲ್ಲಿ ಸಾಕಷ್ಟು ದನ ಇರಬೇಕಿತ್ತು. ಕಾಲುವೆ ನೀರಿನಲ್ಲಿ ಎರಡು ಬೆಳೆ ಕೈಗೆ ಹತ್ತಿದ ಮೇಲೆ ಕೊಟ್ರಯ್ಯ ಎತ್ತು ಮಾರಿ ಟ್ರ್ಯಾಕ್ಟರ್ ತಂದಿದ್ದ. ಟ್ರ್ಯಾಕ್ಟರ್ ಸೆಗಣಿ ಹಾಕುತ್ತದೆಯೇ? ದನ ಇವೆಯೇ ಎಂದು ಸರ್ಕಾರದ ಸಾಹೇಬರು ನೋಡಲು ಬಂದ ದಿನ ದುರ್ಗಕ್ಕನ ಎಮ್ಮೆಗಳು ಇವರ ಕೊಟ್ಟಿಗೆಗೆ ಬಂದು, ಹುಟ್ಟಿದ್ದೇ ಅಲ್ಲಿ ಎಂಬಂತೆ ಮೆಲುಕು ಹಾಕುತ್ತ ನಿಂತವು. ಗುಂಡಿ ತುಂಬಿದ್ದೂ ಅವುಗಳ ಸೆಗಣಿಯಿಂದಲೇ. ದುರ್ಗಕ್ಕ ದಿನವೂ ಬುಟ್ಟಿಯಲ್ಲಿ ಹೊತ್ತು ತಂದು ಸುರಿಯುತ್ತಿದ್ದಳು.

ಈಗ ಆ ಬುಟ್ಟಿ ನಿಂತಿತು. ‘ಆಕೀನೇ ಬರ್ಲಿ’ ಎಂದು ಇವಳು, ‘ಕರೀಲಿ ನೋಡೋಣು’ ಎಂದು ಅವಳು. ಗ್ಯಾಸು ತುಂಬಿಕೊಂಡು ಗುಂಡಿಯ ಮೇಲೆ ಎದ್ದು ನಿಂತಿದ್ದ ಕಬ್ಬಿಣದ ಡ್ರಮ್ಮು ದಿನದಿನಕ್ಕೆ ಕುಸಿಯಿತು. ಒಂದು ಸಂಜೆ ರೊಟ್ಟಿ ಇನ್ನೂ ಹಂಚಿನ ಮೇಲಿರುವಾಗಲೇ ಉರಿ ಬುಸ್ ಎಂದು ಸಣ್ಣಗಾಯಿತು.

“ಬಿಡವ್ವಾ, ಕಡ್ಡಿರಾಂಪುರದಿಂದ ಟ್ರೇಲರ್‌ನ್ಯಾಗ ಸೆಗಣಿ ತರಸ್ತೀನಿ,” ಎಂದ ಕೊಟ್ರಯ್ಯ.

“ಸೆಗಣಿ ತರಸ್ತಿ. ದುರ್ಗಕ್ಕನ್ನ ಎಲ್ಲಿಂದ ತರಸ್ತಿಯಲೇ?” ಎನ್ನುವಾಗ ಮರುಳಸಿದ್ದಮ್ಮನ ಕಣ್ಣು ತುಂಬಿ ಬಂತು. ಹೊಗೆಯ ನೆಪ ಹೇಳೋಣವೆಂದರೆ ಅಡುಗೆಮನೆಯಲ್ಲಿ ಹೊಗೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಹಳೆಯ ಒಲೆಯ ಬೂದಿಬುಟ್ಟಿ ಕೆದಕಿ ಮೂರ್ನಾಲ್ಕು ಇದ್ದಲಿ ಚೂರು ಹುಡುಕಿದಳು. ರಾತ್ರಿ ಕೂಡಿದ್ದ ಅಷ್ಟಿಷ್ಟು ಗ್ಯಾಸನ್ನು ಹಚ್ಚಿ, ಇದ್ದಲಿಯನ್ನು ಉರಿಯ ಮೇಲಿಟ್ಟಳು.

“ಅವ್ವಾ, ಇರೋ ಗ್ಯಾಸೆಲ್ಲಾ ಇದ್ದಲಿಗೆ ಹಾಕಾಕ ಹತ್ತೀದಿ! ಚಾ?” ಎಂದು ಕೊಟ್ರಯ್ಯ ಕೂಗಿದ.

“ಒಂದಿನ ಚಾ ಬಿಟ್ರ ಯಾರೂ ಸಾಯಂಗಿಲ್ಲ. ಸುಮ್ಮನ ಕುಂದ್ರು.”

ಇದ್ದಲಿ ಕೆಂಪಗಾದ ಮೇಲೆ ಮೆಟ್ಟಿಲ ಮೇಲಿದ್ದ ಹೆಂಚಿನ ಚೂರಿನಲ್ಲಿ ಇಟ್ಟುಕೊಂಡು, ಸೆರಗು ಮರೆಮಾಡಿ ಹೊರಟಳು. ಕೆಂಡ ಬೇಕಾದವರು ಬಂದು ಒಯ್ಯಬೇಕೇ ಹೊರತು ಕೊಡುವವರು ಹೊತ್ತು ಹೋಗುವ ಪದ್ಧತಿ ಎಲ್ಲಿಯೂ ಇಲ್ಲ. ದುರ್ಗಕ್ಕ ಹಸಿ ಜಾಲಿ ಕಟ್ಟಿಗೆಯ ಹೊಗೆಯಲ್ಲಿ ಕೆಮ್ಮುತ್ತ ಊದುಗೊಳವೆ ಊದುತ್ತಿದ್ದಳು. ಕಣ್ಣು ಕೆಂಪಾಗಿದ್ದವು.

“ನಿನ್ನ ಹೆಂಚು ನಮ್ಮನ್ಯಾಗ ಮರತು ಬಂದಿದ್ದಿ,” ಎಂದಳು ಮರುಳಸಿದ್ದಮ್ಮ.

ದುರ್ಗಕ್ಕ ಹೆಂಚನ್ನು ನೋಡಿದಳು. “ಗ್ಯಾಸಿನ ಮನ್ಯಾಗ ಕೆಂಡ ಎಲ್ಲೀದ್ರಿ?”

“ಬೇಯಿಸಿದೆ.”

ದುರ್ಗಕ್ಕನಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ನಕ್ಕಳು, ನಗುತ್ತಲೇ ಅತ್ತಳು. ಕೆಂಡ ಒಲೆಗೆ ಬೀಳಲೇ ಇಲ್ಲ. ಇಬ್ಬರ ನಡುವೆ ಹೆಂಚಿನ ಮೇಲೆಯೇ ಬೂದಿಯಾಯಿತು.

ಮಧ್ಯಾಹ್ನದ ಹೊತ್ತಿಗೆ ಸೆಗಣಿ ಬುಟ್ಟಿ ಬಂತು, ಅದರ ಹಿಂದೆ ಇನ್ನೊಂದು. ಕೊಟ್ರಯ್ಯನಿಗೆ ಹೋದ ಜೀವ ಬಂದಂತಾಯಿತು. “ಚಿಗವ್ವಾ, ಗೋಡಿ ಮ್ಯಾಲಿಂದ ನಿಮ್ಮನಿಗೂ ಒಂದು ಪೈಪ್ ಎಳೀತೀನಿ. ಹೊಗಿ ಇಲ್ಲ, ಕಟ್ಟಿಗಿಗೆ ಗುಡ್ಡ ಹತ್ತೂದಿಲ್ಲ, ದಿನಾ ಕೆಂಡಕ್ಕ ಬರೂ ತ್ರಾಸೂ ಇಲ್ಲ,” ಎಂದ.

ಮರುಳಸಿದ್ದಮ್ಮನ ಮುಖ ಸಣ್ಣಗಾಯಿತು. ಬೇಡ ಎನ್ನಲು ಬಾಯಿ ಬರಲಿಲ್ಲ. ಆ ಕೆಂಪು ಕಣ್ಣುಗಳನ್ನು ಆಕೆ ಬೆಳಿಗ್ಗೆ ತಾನೇ ನೋಡಿದ್ದಳು.

“ಎಳಿಯಪ್ಪಾ, ಪುಣ್ಯ ಬರ್ತೈತಿ. ಹೊಗಿ ಸಾಕಾಗೇತಿ,” ಎಂದಳು ದುರ್ಗಕ್ಕ. ಆಮೇಲೆ ಬುಟ್ಟಿಯ ಜೊತೆ ತಂದಿದ್ದ ಹೆಂಚಿನ ಚೂರಿನ ಬೂದಿ ಒರೆಸಿ, ಅದನ್ನು ಮರುಳಸಿದ್ದಮ್ಮನ ಗೂಡಿನಲ್ಲಿ ಕಡ್ಡಿಪೆಟ್ಟಿಗೆಯ ಪಕ್ಕಕ್ಕೆ ಇಟ್ಟಳು.

“ಕೆಂಡ ಮಾತ್ರ ದಿನಾ ಇಲ್ಲಿಂದ್ಲೇ ಒಯ್ತೀನಿ. ಪೈಪಿನ್ಯಾಗ ಗ್ಯಾಸ್ ಬರ್ತೈತಿ. ನಾ ಬರಾಕ ಆಗ್ತೈತೇನು?”